ಯಾವ ಶೆಣೈ?

ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನಿಂದ ತಮ್ಮನಂ ಕಡೆಗೆ ಹೋದರೆ ಸುಕೃತೀಂದ್ರ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸಿಗುತ್ತದೆ. ಕೊಂಕಣಿಗರ ಕಾಶಿಮಠದ ಯತಿಗಳ ಹೆಸರು ಹೊತ್ತ, ಸಂಸ್ಕೃತ ಮತ್ತು ಪ್ರಾಚೀನ ವಿದ್ಯೆಗಳ ಸಂಶೋಧನಾ ಸಂಸ್ಥೆ ಅದು. ಕೊಚ್ಚಿಯ ಕೊಂಕಣಿಗರ ನಡುವೆ ನಿಂತು ಹೆಸರುಗಳನ್ನು ಕೇಳಿದರೆ ಮಂಗಳೂರಿನ ಕಾರ್‌ಸ್ಟ್ರೀಟಿಗೆ ಬಂದೆವೇನೋ ಅನಿಸುತ್ತದೆ: ಪೈ, ಕಾಮತ್, ಪ್ರಭು, ಭಟ್, ಶೆಣೈ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಹೊರಟ ಮನೆತನಗಳಲ್ಲಿ ಕೆಲವು ಕೆನರಾ ಕರಾವಳಿಯಲ್ಲಿ ನೆಲೆ ನಿಂತವು, ಕೆಲವು ಇನ್ನೂ ತೆಂಕಕ್ಕೆ ಇಳಿದು ಕೊಚ್ಚಿ ಸೇರಿದವು. ಕೈಯಲ್ಲಿ ಎಣಿಸಬಹುದಾದಷ್ಟು ಕುಲನಾಮಗಳು, ಹರಡಿದ್ದು ಮಾತ್ರ ನೂರಾರು ಊರುಗಳಿಗೆ. ಹಾಗಾಗಿ ಇಬ್ಬರು ಶೆಣೈಗಳು ಎದುರಾದರೆ ಅವರು ನೆಂಟರೆಂದು ಯಾರೂ ಭಾವಿಸುವುದಿಲ್ಲ; ‘ಯಾವ ಊರಿನ ಶೆಣೈ?’ ಎಂದೇ ಮಾತು ಶುರುವಾಗುತ್ತದೆ.

ಈ ಪ್ರಶ್ನೆ ಕೇಳಲು ಬಾರದ್ದು ಸಂಶೋಧನಾ ಲೇಖನಗಳ ಗಣಕ ಸೂಚಿಗೆ. ಅದರಲ್ಲಿ ‘ಶೆಣೈ’ ಎಂದು ಹುಡುಕಿದರೆ ಬರುವ ಪಟ್ಟಿ ಸೊಗಸಾಗಿರುತ್ತದೆ. ಮೊದಲಿಗೆ ಬಿ. ಆರ್. ಶೆಣೈ: ಎರಡನೆಯ ಪಂಚವಾರ್ಷಿಕ ಯೋಜನೆಗಾಗಿ ಕೂಡಿದ್ದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ, ಕೊರತೆಯ ಹಣಕಾಸು ಬೇಡವೆಂದು 1955ರಲ್ಲಿ ಒಂಟಿಯಾಗಿ ಭಿನ್ನಮತ ಬರೆದುಕೊಟ್ಟವರು. ಅವರ ಪಕ್ಕದಲ್ಲೇ ಸ್ಟ್ಯಾನ್‌ಫರ್ಡಿನ ಕೃಷ್ಣ ವಿ. ಶೆಣೈ: ಕೈ ಆಡದ ರೋಗಿಯೊಬ್ಬರು ಬರೆಯುವುದನ್ನು ಮನಸ್ಸಿನಲ್ಲೇ ಊಹಿಸಿದಾಗ ಮಿದುಳಿನ ಸಂಕೇತಗಳಿಂದ ನಿಮಿಷಕ್ಕೆ 90 ಅಕ್ಷರಗಳನ್ನು ಪರದೆಗೆ ತಂದ 2021ರ ‘ನೇಚರ್’ ಲೇಖನದ ತಂಡದ ಹಿರಿಯರಲ್ಲೊಬ್ಬರಾಗಿದ್ದವರು. ಆಮೇಲೆ ಪ್ರಕಾಶ್ ಪಿ. ಶೆಣೈ: ಅನಿಶ್ಚಿತ ಮಾಹಿತಿಯಿಂದ ತೀರ್ಮಾನಕ್ಕೆ ಬರುವ ಲೆಕ್ಕಾಚಾರದಲ್ಲಿ ‘ಶೆಣೈ–ಶೇಫರ್’ ಎಂಬ ವಿಧಾನಕ್ಕೇ ಹೆಸರು ಕೊಟ್ಟವರು. ಪ್ರಶಾಂತ್ ಶೆಣೈ ಕಂಪ್ಯೂಟರ್ ವ್ಯವಸ್ಥೆಗಳವರು. ಹಣ, ಮಿದುಳು, ಸಂಭಾವ್ಯತೆ, ಯಂತ್ರಗಳನ್ನು ಒಂದೇ ಕಪಾಟಿನಲ್ಲಿ ಇಟ್ಟದ್ದು ಗೋವಾದಿಂದ ಬಂದ ಒಂದು ಕುಲನಾಮ, ಅಷ್ಟೇ. ವಿಷಯ ಇಷ್ಟು ದೂರ ದೂರ ಇದ್ದಾಗ ಓದುಗ ಮೋಸ ಹೋಗುವುದಿಲ್ಲ. ತೊಡಕು ಇನಿಶಿಯಲ್‌ಗಳಲ್ಲಿದೆ.

ಸೂಚಿ ಹೆಸರನ್ನು ಹೀಗೆ ಕತ್ತರಿಸುತ್ತದೆ: ಕೊನೆಯ ಪದ ಕುಲನಾಮ, ಉಳಿದದ್ದಕ್ಕೆಲ್ಲ ಮೊದಲಕ್ಷರ. ಯುರೋಪಿನ ಹೆಸರುಗಳಿಗೆ ಹೊಲಿದ ಅಂಗಿ ಇದು, ನಮ್ಮ ಮೈಗೆ ಕೂರುವುದಿಲ್ಲ. ಕರಾವಳಿಯಲ್ಲಿ ಮೊದಲ ಅಕ್ಷರ ಹೆಚ್ಚಾಗಿ ಊರಿನದು. ಮಂಜೇಶ್ವರದ ರಾಷ್ಟ್ರಕವಿ ಎಂ. ಗೋವಿಂದ ಪೈಗಳ ‘ಎಂ’ ಮಂಜೇಶ್ವರ. ವಿದ್ಯುತ್ ಜಾಲಗಳ ಸ್ಥಿರತೆಯ ಬಗ್ಗೆ ಪಠ್ಯ ಬರೆದ ಎಂ. ಎ. ಪೈಗಳ ‘ಎಂ’ ಮಂಗಳೂರು. ಒಂದೇ ಇನಿಶಿಯಲ್ ಉಳಿಸುವ ಸೂಚಿಗಳಲ್ಲಿ ರಾಷ್ಟ್ರಕವಿಯೂ ವಿದ್ಯುತ್ ಎಂಜಿನಿಯರೂ ‘ಪೈ, ಎಂ.’ ಆಗಿ ಕೂಡಿಬಿಡುತ್ತಾರೆ. ಬಿ. ಆರ್. ಶೆಣೈಯವರ ‘ಬಿ’ ಕಾಞಂಗಾಡಿನ ಹತ್ತಿರದ ಬೆಳ್ಳಿಕ್ಕೋತ್. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಬಗ್ಗೆ ಬರೆದ ಬೆಳ್ಳೆ ಎ. ಶೆಣೈಯವರ ಹೆಸರಿನ ಮುಂದಿರುವ ಬೆಳ್ಳೆ ಉಡುಪಿ ಸೀಮೆಯ ಊರು. ಇಂಗ್ಲಿಷಿನಲ್ಲಿ ಅದನ್ನು ನೋಡಿದ ಅಮೆರಿಕನ್ ಓದುಗ ‘ಬೆಲ್’ ಎಂಬ ಮಹಿಳೆ ಎಂದುಕೊಂಡರೆ ತಪ್ಪು ಅವನದಲ್ಲ. ಇವರು ಇಂಗ್ಲಿಷಿನಲ್ಲಿ ಶೆಣೈ ಎನ್ನುವುದರ ಕೊನೆಗೆ ‘ವೈ’ ಬದಲು ‘ಐ’ ಬರೆಯುತ್ತಾರೆ. ಆ ಒಂದು ಅಕ್ಷರಕ್ಕೆ ಸೂಚಿಯ ಪಾಲಿಗೆ ಕುಲವೇ ಬೇರೆ.

ಕೇರಳದಲ್ಲಿ ಗೋಜಲು ಇನ್ನೊಂದು ಬಗೆಯದು. ಬಹಳ ಮಂದಿಗೆ ಕುಲನಾಮವೇ ಇಲ್ಲ, ಕೊನೆಯಲ್ಲಿರುವುದು ಸ್ವಂತ ಹೆಸರು. ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ಅವರನ್ನು ತೆಗೆದುಕೊಳ್ಳಿ. ಡಚ್ಚರ ಕಾಲದಲ್ಲಿ ಕೊಚ್ಚಿಯಲ್ಲಿ ಸಿದ್ಧವಾಗಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥವನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೂ ಮಲಯಾಳಕ್ಕೂ ತಂದವರು ಅವರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಇಂಗ್ಲಿಷನ್ನೂ 2008ರಲ್ಲಿ ಮಲಯಾಳವನ್ನೂ ಪ್ರಕಟಿಸಿತು. ಮಣಿಲಾಲ್ ಎಂಬುದು ಅವರ ಹೆಸರು, ಮನೆತನವಲ್ಲ. ಸೂಚಿಗೆ ಮಾತ್ರ ಅದೇ ಕುಲನಾಮ. ಮಣಿಲಾಲ್ ಎಂದು ಹೆಸರಿಟ್ಟುಕೊಂಡವರೆಲ್ಲ ಅದರ ದೃಷ್ಟಿಯಲ್ಲಿ ಒಂದು ವಂಶ. ಆ ಗ್ರಂಥಕ್ಕೆ ನೆರವಾದ ಕೊಚ್ಚಿಯ ಮೂವರು ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಇವರ ಸಾಕ್ಷಿಪತ್ರ ನಾಗರಿ ಲಿಪಿಯಲ್ಲಿ ಮೊದಲ ಸಂಪುಟದಲ್ಲೇ ಇದೆ. ಅಲ್ಲಿಯೂ ಇಬ್ಬರು ಭಟ್ಟರು ಎಂಬುದನ್ನು ಗಮನಿಸಿ. ‘ಭಟ್’ ಅಂದರೆ ಇನ್ನೂ ಅಗಲ: ಹವ್ಯಕರು, ಕರಾಡರು, ಕೊಂಕಣಿಗರು, ಕಾಶ್ಮೀರದ ಪಂಡಿತರು, ಅಲ್ಲಿನ ಮುಸ್ಲಿಮರು ಎಲ್ಲರೂ ಇಟ್ಟುಕೊಳ್ಳುವ ಹೆಸರು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರೂ ಗಣಿತಜ್ಞ ಬಿ. ವಿ. ರಾಜಾರಾಮ ಭಟ್ಟರೂ ಪಕ್ಕಪಕ್ಕದಲ್ಲಿ ಕೂರುವುದು ಹಾಗೆ.

ಇನಿಶಿಯಲ್ಲೂ ಕುಲನಾಮವೂ ಎರಡೂ ಕೂಡಿಬಂದರೆ? ‘ಶೆಣೈ, ಎಸ್. ಆರ್.’ ಎಂಬುವರು ಇಬ್ಬರಿದ್ದಾರೆ. ಒಬ್ಬರು ಸುಧಾ ಆರ್. ಶೆಣೈ, ಅರ್ಥಶಾಸ್ತ್ರಜ್ಞೆ, ಹಣದುಬ್ಬರದ ಬಗ್ಗೆ ಹಾಯೆಕ್ ಬರೆದದ್ದನ್ನು 1972ರಲ್ಲಿ ಸಂಕಲಿಸಿದವರು, ಬಿ. ಆರ್. ಶೆಣೈಯವರ ಮಗಳು. ಇಲ್ಲಿ ಮಾತ್ರ ಕುಲನಾಮದ ಹಿಂದೆ ನಿಜವಾದ ನೆಂಟಸ್ತಿಕೆಯೂ ಒಂದೇ ಶಾಸ್ತ್ರವೂ ಇವೆ. ಇನ್ನೊಬ್ಬರು ಸುಬೋಧ್ ಆರ್. ಶೆಣೈ, ಭೌತವಿಜ್ಞಾನಿ, ತಿರುವನಂತಪುರದ ಐಸರ್ ವಿಜ್ಞಾನ ಸಂಸ್ಥೆಯಲ್ಲೂ ಇದ್ದವರು. ಲೋಹಮಿಶ್ರಣಗಳ ರಚನೆ ಒಮ್ಮೆಗೇ ಬದಲಾಗುವ ಬಗೆ ಅವರ ವಿಷಯಗಳಲ್ಲೊಂದು. ತಂದೆ ಮಗಳು ಸೂಚಿಯಲ್ಲಿ ಬೇರೆ ಬೇರೆ, ಮಗಳೂ ಅಪರಿಚಿತ ಭೌತವಿಜ್ಞಾನಿಯೂ ಒಂದೇ.

ಇದಕ್ಕಿಂತ ಬಿಗಿಯಾದ ಗಂಟು ‘ಶೆಣೈ, ವಿ. ಬಿ.’ ವಿಜಯ್ ಬಿ. ಶೆಣೈ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಪಿಎಚ್.ಡಿ. ಮಾಡಿದ್ದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ. ವಿವೇಕ್ ಬಿ. ಶೆಣೈ ಈಗ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು, ಮೊದಲು ಪಾಠ ಹೇಳುತ್ತಿದ್ದದ್ದು ಅದೇ ಬ್ರೌನ್‌ನಲ್ಲಿ. ಇಬ್ಬರೂ ಘನವಸ್ತುಗಳನ್ನು ಪರಮಾಣುಗಳ ಮಟ್ಟದಲ್ಲಿ ಲೆಕ್ಕ ಹಾಕಿದವರು. ಹೆಸರು, ವಿಳಾಸ, ವಿಷಯ ಮೂರೂ ಹೊಂದಿಕೊಂಡ ಮೇಲೆ ಯಂತ್ರಕ್ಕೇನು, ಮನುಷ್ಯನಿಗೂ ಗಲಿಬಿಲಿಯೇ.

ಇಂಥಲ್ಲಿ ಬಿಡಿಸಿ ಕೊಡುವುದು ಸಹಲೇಖಕರ ಪಟ್ಟಿ. ನನಗೆ ಕೇಳಿದರೆ ಉಳಿದೆಲ್ಲ ಸುಳಿವುಗಳಿಗಿಂತ ಇದಕ್ಕೆ ತೂಕ ಹೆಚ್ಚು, ಏಕೆಂದರೆ ಜನ ಊರು ಬದಲಿಸಿದಷ್ಟು ಬೇಗ ಒಡನಾಟ ಬದಲಿಸುವುದಿಲ್ಲ. ಪರಮಾಣುಗಳ ಲೆಕ್ಕವನ್ನೂ ದೊಡ್ಡ ವಸ್ತುವಿನ ಲೆಕ್ಕವನ್ನೂ ಬೆಸೆಯುವ ವಿಧಾನದ ಬಗ್ಗೆ 1999ರಲ್ಲಿ ಬಂದ ಲೇಖನದಲ್ಲಿ ಮಿಲ್ಲರ್, ಟ್ಯಾಡ್‌ಮೋರ್, ಫಿಲಿಪ್ಸ್, ಆರ್ಟಿಜ್ ಜೊತೆಗಿದ್ದರೆ ಅವರು ವಿಜಯ್. ಲೋಹದ ಮೇಲ್ಮೈಗಳ ಸ್ಥಿತಿಸ್ಥಾಪಕತೆಯ ಬಗ್ಗೆ 2005ರಲ್ಲಿ ಬ್ರೌನ್ ವಿಳಾಸದಿಂದ ಬಂದದ್ದು ವಿವೇಕ್ ಅವರದು. ಮುಂದೆ ಒಬ್ಬರು ಅತಿಶೀತಲ ಪರಮಾಣುಗಳ ಕಡೆಗೆ, ಇನ್ನೊಬ್ಬರು ಜೀವಕೋಶಗಳ ಬಿಗುವಿನ ಕಡೆಗೆ ಹೋದದ್ದರಿಂದ ಈಚಿನ ಲೇಖನಗಳಲ್ಲಿ ಗೊಂದಲ ಕಡಿಮೆ. ದೊಡ್ಡ ಸೂಚಿಗಳ ತಂತ್ರಾಂಶ ಮಾಡುವುದೂ ಇದನ್ನೇ: ಸಹಲೇಖಕರು, ಸಂಸ್ಥೆ, ವಿಷಯ, ಉಲ್ಲೇಖಿಸಿದ ಹಳೆಯ ಲೇಖನಗಳು ಇವನ್ನು ಹೋಲಿಸಿ ಲೇಖನಗಳನ್ನು ಗುಂಪು ಮಾಡುತ್ತದೆ, ಗುಂಪಿಗೊಂದು ಸಂಖ್ಯೆ ಕೊಡುತ್ತದೆ. ಅದು ತಪ್ಪುವುದು ಎರಡು ಬಗೆಯಲ್ಲಿ. ಇಬ್ಬರನ್ನು ಒಬ್ಬರಾಗಿಸಿದರೆ ಕಣ್ಣಿಗೆ ಬೀಳುತ್ತದೆ, ಯಾರೋ ದೂರುತ್ತಾರೆ. ಒಬ್ಬರನ್ನು ಇಬ್ಬರಾಗಿ ಒಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮದುವೆಯ ನಂತರ ಹೆಸರು ಬದಲಿಸಿದ ಮಹಿಳೆಯರ ಮೊದಲ ಲೇಖನಗಳು ಹೀಗೆ ಕಳೆದುಹೋಗುತ್ತವೆ.

ಗ್ರಂಥಪಾಲಕರು ಈ ರೋಗಕ್ಕೆ ಬಹಳ ಹಿಂದೆಯೇ ಮದ್ದು ಕಂಡುಕೊಂಡಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿದ್ಯೆಯ ಕೇಂದ್ರ ಕಟ್ಟಿದ ಎಸ್. ಆರ್. ರಂಗನಾಥನ್ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಹೆಸರಿನ ಜೊತೆಗೆ ಲೇಖಕ ಹುಟ್ಟಿದ ವರ್ಷವನ್ನೂ ಸೇರಿಸಿದರು. ಅವರ ಹೆಸರೇ ಊರು, ತಂದೆ, ಸ್ವಂತ ಹೆಸರು ಎಂಬ ಕ್ರಮದ್ದು. ಈ ತೊಂದರೆ ಅವರಿಗೆ ಪುಸ್ತಕದಿಂದ ತಿಳಿಯಬೇಕಿರಲಿಲ್ಲ. ಸಸ್ಯವಿಜ್ಞಾನಿಗಳ ಪದ್ಧತಿ ಇನ್ನೂ ಚೊಕ್ಕ. ಗಿಡದ ಲ್ಯಾಟಿನ್ ಹೆಸರಿನ ಕೊನೆಗೆ, ಹೆಸರಿಟ್ಟವರ ಸಂಕ್ಷಿಪ್ತ ಗುರುತು ಇರುತ್ತದೆ, ಒಂದು ಗುರುತು ಒಬ್ಬರಿಗೇ. ಬರಿಯ ‘ಎಲ್.’ ಎಂದರೆ ಲಿನ್ನೇಯಸ್, ‘ಎಲ್.ಎಫ್.’ ಎಂದರೆ ಅವನ ಮಗ. ‘ಹುಕ್.’ ಎಂದರೆ ವಿಲಿಯಂ ಹುಕರ್, ‘ಹುಕ್.ಎಫ್.’ ಎಂದರೆ ಭಾರತದ ಸಸ್ಯಗಳ ಬಗ್ಗೆ ಏಳು ಸಂಪುಟ ತಂದ ಮಗ ಜೋಸೆಫ್ ಹುಕರ್. ಅಪ್ಪ ಮಗ ಇಬ್ಬರೂ ಒಂದೇ ಶಾಸ್ತ್ರದಲ್ಲಿದ್ದರೂ ಒಂದಕ್ಷರದಲ್ಲಿ ಮುಗಿಯಿತು.

ಈಗ ಎಲ್ಲ ಶಾಸ್ತ್ರಗಳಿಗೂ ಬಳಕೆಯಲ್ಲಿರುವುದು 2012ರ ಅಕ್ಟೋಬರಿನಲ್ಲಿ ಶುರುವಾದ ‘ಆರ್ಕಿಡ್’ ಸಂಖ್ಯೆ. ಹೂವಿಗೂ ಇದಕ್ಕೂ ಸಂಬಂಧವಿಲ್ಲ. ಸಂಶೋಧಕರು ತಾವೇ ಉಚಿತವಾಗಿ ನೋಂದಾಯಿಸಿಕೊಳ್ಳುವ 16 ಸ್ಥಾನಗಳ ಗುರುತು ಅದು. ಹೆಸರು, ಕೆಲಸ, ದೇಶ ಬದಲಾದರೂ ಸಂಖ್ಯೆ ಬದಲಾಗದು. ಬರೆಯುವಾಗಿನ ತಪ್ಪು ಹಿಡಿಯಲೆಂದೇ ಅದರ ಕೊನೆಯ ಅಂಕೆ ಇದೆ. ಮಾದರಿಗಾಗಿ ತೋರಿಸುವ ಸಂಖ್ಯೆ 0000-0002-1825-0097. ಇದರ ಒಡೆಯ ಜೋಸಾಯಾ ಕಾರ್ಬೆರಿ, ‘ಬಿರುಕುಬಿಟ್ಟ ಮಡಕೆಗಳ ಶಾಸ್ತ್ರ’ದ ಪ್ರಾಧ್ಯಾಪಕ, 1929ರಿಂದ ತಮಾಷೆಗೆ ಬದುಕಿಸಿಕೊಂಡು ಬಂದಿರುವ ಕಾಲ್ಪನಿಕ ವ್ಯಕ್ತಿ. ಅವನಿರುವುದೂ ಬ್ರೌನ್‌ನಲ್ಲೇ! ಪರೀಕ್ಷೆ ಹೀಗೆ: ಎಡದಿಂದ ಒಂದೊಂದೇ ಅಂಕೆ ಕೂಡಿಸಿ, ಪ್ರತಿಸಲ ಬಂದದ್ದನ್ನು ಇಮ್ಮಡಿ ಮಾಡಿ. ಸೊನ್ನೆಗಳು ಕಳೆದು 2 ಬಂದಾಗ 4, 1 ಸೇರಿಸಿ ಇಮ್ಮಡಿಸಿದರೆ 10, 8ಕ್ಕೆ 36, 2ಕ್ಕೆ 76, 5ಕ್ಕೆ 162, ಎರಡು ಸೊನ್ನೆಗಳಿಗೆ 324, 648, 9ಕ್ಕೆ 1314. ಇದನ್ನು 11ರಿಂದ ಭಾಗಿಸಿದರೆ ಶೇಷ 5. 12ರಿಂದ 5 ಕಳೆದರೆ 7, ಅದೇ ಕೊನೆಯ ಅಂಕೆ. ಲೆಕ್ಕ 10 ಬಂದರೆ ‘ಎಕ್ಸ್’ ಬರೆಯುತ್ತಾರೆ, 11 ಬಂದರೆ ಸೊನ್ನೆ.

ಸಂಖ್ಯೆ ಸರಿಯಿದ್ದರೆ ಆಯಿತೆಂದಲ್ಲ. ಖಾತೆಯೊಳಗೆ ಲೇಖನಗಳನ್ನು ಸೇರಿಸುವವರು ಸ್ವತಃ ಖಾತೆದಾರರೇ ಆಗಿರಬಹುದು. ಪ್ರತಿ ನಮೂದಿನ ಕೆಳಗೆ ಅದನ್ನು ಸೇರಿಸಿದವರು ಯಾರೆಂದು ಕಾಣುತ್ತದೆ. ಪ್ರಕಾಶಕರಿಂದಲೋ ವಿಶ್ವವಿದ್ಯಾಲಯದಿಂದಲೋ ಬಂದಿದ್ದರೆ ನಂಬಿಕೆ ಹೆಚ್ಚು. ಹೊಸದಾಗಿ ಬರೆಯಲು ಹೊರಟವರು ಮೊದಲ ಲೇಖನಕ್ಕೂ ಮುಂಚೆ ಸಂಖ್ಯೆ ಪಡೆದು, ಇಂಗ್ಲಿಷ್ ಕಾಗುಣಿತ ಒಂದನ್ನೇ ಹಿಡಿದು, ಇನಿಶಿಯಲ್ ಬದಲು ಸ್ವಂತ ಹೆಸರನ್ನು ಪೂರ್ತಿ ಬರೆದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ನಮ್ಮ ದೇಶದ ಮಟ್ಟಿಗೆ, ಪೂರ್ಣ ಹೆಸರೂ ಮಾರ್ಗದರ್ಶಕರ ಹೆಸರೂ ಬೇಕಾದಾಗ ಶೋಧಗಂಗಾ ಜಾಲತಾಣದಲ್ಲಿರುವ ಪಿಎಚ್.ಡಿ. ಪ್ರಬಂಧದ ಮುಖಪುಟ ನೋಡುವುದು ಒಳ್ಳೆಯದು. ಈಗ ಯಾವ ಸಂಸ್ಥೆಯಲ್ಲಿದ್ದಾರೆ ಎಂಬುದಕ್ಕೆ ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವಾದ ಇನ್‌ಫ್ಲಿಬ್‌ನೆಟ್‌ನ ವಿದ್ವಾನ್ ಪಟ್ಟಿ ಇದೆ. ಕೊಚ್ಚಿ ವಿಶ್ವವಿದ್ಯಾಲಯದ ಪ್ರಬಂಧಗಳಿಗೆ ಅದರದೇ ‘ದ್ಯುತಿ’ ಭಂಡಾರವಿದೆ.

ತೀರಿಹೋದವರು ಆರ್ಕಿಡ್‌ಗೆ ನೋಂದಾಯಿಸಿಕೊಳ್ಳಲಾರರು. ಗೋವಿಂದ ಪೈಗಳನ್ನು ಹುಡುಕುವವರು ಗ್ರಂಥಾಲಯಗಳ ಹೆಸರು ಕಡತಗಳನ್ನು ಒಟ್ಟುಗೂಡಿಸಿದ ‘ವಯಾಫ್’ಗೆ ಹೋಗಬೇಕು. ಹುಡುಕುವಾಗ ‘ಪೈ, ಎಂ. ಗೋವಿಂದ’, ‘ಗೋವಿಂದ ಪೈ, ಎಂ.’, ‘ಮಂಜೇಶ್ವರ ಗೋವಿಂದ ಪೈ’ ಮೂರನ್ನೂ ಕೊಡಿ, ಜೊತೆಗೆ 1883–1963 ಎಂಬ ವರ್ಷಗಳನ್ನು ತಾಳೆ ನೋಡಿ. ಆಮೇಲೂ ಸಂಶಯ ಉಳಿದರೆ ಅವರ ಪುಸ್ತಕ ಸಂಗ್ರಹವಿರುವ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಬರೆದು ಕೇಳಬಹುದು.