ಬೆಕ್ಕುಗಳ ಸ್ಥಳಾಂತರ

ಬೆಕ್ಕು ತನ್ನ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತಿಸುವುದೆಂಬುದು ನಮ್ಮ ಜನರ ವಾಡಿಕೆಯ ಮಾತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಕೆಲಸವನ್ನು ಮನುಷ್ಯರೇ ಕೈಗೊಂಡಿರುವರು. ಟೆಕ್ಸಾಸ್, ಲೂಯಿಸಿಯಾನ ಮೊದಲಾದ ದಕ್ಷಿಣ ಪ್ರಾಂತಗಳ ಆಶ್ರಯಶಾಲೆಗಳಲ್ಲಿ ಹಿಡಿಸಲಾರದಷ್ಟಾದ ಅನಾಥ ಬೆಕ್ಕುಗಳನ್ನು ಮೋಟಾರುಗಾಡಿಗಳಲ್ಲಿಯೂ ವಿಮಾನಗಳಲ್ಲಿಯೂ ತುಂಬಿ, ಸಾಕಿಕೊಳ್ಳುವವರು ಕಾದಿರುವ ಮ್ಯಾಸಚೂಸೆಟ್ಸ್ ಮುಂತಾದ ಈಶಾನ್ಯ ಪ್ರಾಂತಗಳಿಗೆ ಸಾಗಿಸುತ್ತಿರುವರು.

ಬರೆಯಲು ಪತ್ರಿಕೆಗೆ ಬೇರೆ ವಿಷಯವಿಲ್ಲವೆ ಎಂದು ನಮ್ಮ ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಹೆನ್ರಿ ಬರ್ಗ್ ಎಂಬ ಮಹನೀಯನು 1866ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಪ್ರಾಣಿಹಿಂಸಾ ನಿವಾರಕ ಸಂಘದ ಅಂದಾಜಿನಂತೆ, ಆ ದೇಶದ ಆಶ್ರಯಶಾಲೆಗಳಲ್ಲಿ 2011ರಲ್ಲಿ ನಾಯಿ ಬೆಕ್ಕುಗಳೆರಡೂ ಸೇರಿ ಸುಮಾರು 26 ಲಕ್ಷ ಪ್ರಾಣಿಗಳು ಕೊಲ್ಲಲ್ಪಟ್ಟುವು. 2019ರ ಹೊತ್ತಿಗೆ ಈ ಸಂಖ್ಯೆಯು ಸುಮಾರು 9,20,000ಕ್ಕೆ ಇಳಿಯಿತಾದರೂ, ಅದರಲ್ಲಿ 5,30,000 ಬೆಕ್ಕುಗಳೇ ಆಗಿದ್ದುವು. ಆಶ್ರಯವೆಂಬ ಹೆಸರಿನ ಮನೆಯಲ್ಲಿಯೇ ಇಷ್ಟು ಮರಣವೆಂದರೆ ವಿಷಯವು ಹಗುರವಾದುದಲ್ಲ.

ಒಂದು ಕಡೆ ಹೆಚ್ಚು, ಮತ್ತೊಂದು ಕಡೆ ಕೊರತೆ ಏಕೆ? ಹಗಲು ದೀರ್ಘವಾಗುತ್ತ ಬಂದಂತೆ ಹೆಣ್ಣು ಬೆಕ್ಕು ಬೆದೆಗೆ ಬರುವುದು. ಗರ್ಭದ ಅವಧಿಯೋ ಸುಮಾರು ಒಂಬತ್ತೇ ವಾರ. ಚಳಿ ಅಲ್ಪವಾಗಿರುವ ದಕ್ಷಿಣದಲ್ಲಿ ಈ ಋತುವು ಬೇಗನೆ ಮೊದಲಾಗಿ ತಡವಾಗಿ ಮುಗಿಯುವುದರಿಂದ, ಒಂದೇ ತಾಯಿ ವರ್ಷಕ್ಕೆ ಎರಡು ಮೂರು ಸಲ ಈಯುವುದುಂಟು. ಉತ್ತರದಲ್ಲಿ ಹಿಮದ ಕಾಲವು ದೀರ್ಘವಾದುದು. ಸಾಲದುದಕ್ಕೆ, ಸಾಕಿದ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ರೂಢಿಯು ಅಲ್ಲಿ ಬಹುಕಾಲದಿಂದ ಬೇರೂರಿರುವುದು. ಹೀಗಾಗಿ ಇಲ್ಲಿ ಪಂಜರಗಳು ಸಾಲವು, ಅಲ್ಲಿ ಬರಿದಾಗಿರುವುವು.

ಆದರೆ ಜೀವವನ್ನು ಮೂಟೆಯಂತೆ ಸಾಗಿಸಲಾಗದು. ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯವು ನಮ್ಮಲ್ಲಿ ಅನೇಕರಿಗೆ ತಿಳಿದುದೇ: ಮರಿಯು ತಾನೇನೂ ಮಾಡದು, ಹೊಣೆಯೆಲ್ಲವೂ ಹೊತ್ತೊಯ್ಯುವ ತಾಯಿಯದು. ಮ್ಯಾಸಚೂಸೆಟ್ಸಿನ ಸರ್ಕಾರವು 2005ರಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ, ಹೊರಗಿನಿಂದ ತಂದ ನಾಯಿ ಬೆಕ್ಕುಗಳನ್ನು 48 ಗಂಟೆ ಪ್ರತ್ಯೇಕವಾಗಿರಿಸಿ, ಪಶುವೈದ್ಯನು ಪರೀಕ್ಷಿಸಿದ ತರುವಾಯವೇ ಬೇರೊಬ್ಬರಿಗೆ ಒಪ್ಪಿಸಬೇಕು. ನಿಯಮವು ಒಳ್ಳೆಯದೇ. ಆದರೂ ಮರಿಗಳನ್ನು ವಾಂತಿಭೇದಿಯಿಂದ ಕೊಲ್ಲುವ ಸೋಂಕು ಹಲವು ದಿನ ಒಳಗೇ ಅಡಗಿರಬಲ್ಲುದಾದ್ದರಿಂದ, ಹೊರಡುವ ಮೊದಲೇ, ಆಶ್ರಯಶಾಲೆಗೆ ಸೇರಿದ ದಿನವೇ, ಲಸಿಕೆ ಹಾಕದಿದ್ದರೆ ಎರಡು ದಿನದ ಕಾವಲಿನಿಂದ ಪ್ರಯೋಜನವು ಅಲ್ಪವೆಂದು ನಾವು ಎಣಿಸುತ್ತೇವೆ.

ಇನ್ನೊಂದು ಪಾಠವು ಹೆಚ್ಚು ಕಹಿಯಾದುದು. 2005ನೆಯ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತವು ನ್ಯೂ ಆರ್ಲಿಯನ್ಸ್ ಪಟ್ಟಣವನ್ನು ಮುಳುಗಿಸಿದಾಗ, ಮನೆಗಳಲ್ಲಿ ಸಿಕ್ಕಿಬಿದ್ದಿದ್ದ ಸಾಕುಪ್ರಾಣಿಗಳನ್ನು ಪಾರುಮಾಡಿ ದೂರದೂರದ ಪ್ರಾಂತಗಳಿಗೆ ಕಳುಹಿಸಿದರು. ಅವು ಅನಾಥವಾಗಿರಲಿಲ್ಲ, ಒಡೆಯರೇ ನಿರಾಶ್ರಿತರಾಗಿದ್ದರು. ತಿಂಗಳುಗಳ ಮೇಲೆ ಅವರು ಹುಡುಕಿಕೊಂಡು ಹೋದಾಗ, ಪ್ರಾಣಿಯು ಪರರ ಮನೆಯಲ್ಲಿತ್ತು. ಹೊಸಬರಲ್ಲಿ ಕೆಲವರು ಹಿಂದಿರುಗಿಸಲೊಲ್ಲದೆ ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲೇರಿತು. ಮನೆಮಠ ಕಳೆದುಕೊಂಡ ಬಡವನಿಗೆ ಉಳಿದಿದ್ದ ಒಂದೇ ಜೀವವನ್ನು ದಯೆಯ ಹೆಸರಿನಲ್ಲಿ ಕಸಿದಂತಾಯಿತು. 2006ರಲ್ಲಿ ಆದ ಕಾನೂನು, ವಿಪತ್ಕಾಲದ ಏರ್ಪಾಡುಗಳಲ್ಲಿ ಸಾಕುಪ್ರಾಣಿಗಳನ್ನೂ ಗಣಿಸಬೇಕೆಂದು ವಿಧಿಸಿತು. 2017ರಲ್ಲಿ ಹಾರ್ವೆ ಚಂಡಮಾರುತವು ಟೆಕ್ಸಾಸಿಗೆ ಬಡಿದಾಗ ವಿವೇಕವು ಕೆಲಸಮಾಡಿತು: ಮಳೆಗೆ ಮುಂಚೆಯೇ ಆಶ್ರಯಶಾಲೆಗಳಲ್ಲಿದ್ದ ಅನಾಥ ಪ್ರಾಣಿಗಳನ್ನು ವಿಮಾನದಲ್ಲಿ ದೂರಕ್ಕೆ ಕಳುಹಿಸಿ, ತೆರವಾದ ಪಂಜರಗಳಲ್ಲಿ ಪ್ರವಾಹದಲ್ಲಿ ತಪ್ಪಿಸಿಕೊಂಡುವನ್ನು ಒಡೆಯರಿಗಾಗಿ ಊರ ಬಳಿಯಲ್ಲಿಯೇ ಕಾದಿರಿಸಿದರು.

ಸಾಗಣೆಯನ್ನು ನಾವು ಆಕ್ಷೇಪಿಸುವುದಿಲ್ಲ. ಇಂದು ಸಾಯಲಿರುವ ಬೆಕ್ಕಿಗೆ ನಾಳಿನ ಸುಧಾರಣೆಯಿಂದ ಫಲವೇನು? ಆದರೆ ಮುದಿ ಬೆಕ್ಕು ಸ್ಥಳೀಯ ಆಶ್ರಯಶಾಲೆಯಲ್ಲಿ ತಿಂಗಳುಗಟ್ಟಲೆ ಕುಳಿತಿರುವಾಗ, ದಕ್ಷಿಣದಿಂದ ಬಂದ ಮುದ್ದು ಮರಿಗಳು ಜನರ ಕಣ್ಣನ್ನೆಲ್ಲ ಸೆಳೆದುಕೊಳ್ಳುವುವು. ಬರಮಾಡಿಕೊಳ್ಳುವವರು ಇದನ್ನು ಲೆಕ್ಕದಲ್ಲಿಡಬೇಕು. ಕಳುಹಿಸುವ ಊರಿನಲ್ಲಿಯಾದರೋ, ಒಂದು ಗಾಡಿ ಹೊರಡುವಷ್ಟರಲ್ಲಿ ಮತ್ತೊಂದು ಗಾಡಿಗೆ ಸಾಲುವಷ್ಟು ಮರಿಗಳು ಹುಟ್ಟುತ್ತಿದ್ದರೆ ಸಾಗಣೆಗೆ ಕೊನೆಯೇ ಇಲ್ಲ. ಬೆಕ್ಕುಗಳನ್ನು ಇಳಿಸಿದ ಗಾಡಿಯು ದಕ್ಷಿಣಕ್ಕೆ ಬರಿದಾಗಿ ಮರಳಬೇಕಾದುದಿಲ್ಲ. ಉತ್ತರದವರು ಅದರಲ್ಲಿ ಶಸ್ತ್ರವೈದ್ಯರನ್ನೂ, ಔಷಧಿಗಳನ್ನೂ, ಬಡವರ ಬೆಕ್ಕುಗಳಿಗೆ ಧರ್ಮಾರ್ಥವಾಗಿ ಸಂತಾನಹರಣ ಚಿಕಿತ್ಸೆ ನಡೆಸಲು ಬೇಕಾದ ಹಣವನ್ನೂ ಕಳುಹಿಸಬಹುದು.