ವಾಲಿದ ಗಾಲಿ

ನಜರ್‌ಬಾದಿನ ನನ್ನ ಕೋಣೆಯ ಗೋಡೆಯ ಮೇಲೆ, ಫ್ರಾನ್ಸಿನ ಝಾಕ್ ಹೆನ್ರಿ ಲಾರ್ತೀಗ್ 19ರ ಹರೆಯದಲ್ಲಿ ತೆಗೆದ ಛಾಯಾಚಿತ್ರವೊಂದರ ಪ್ರತಿಯಿದೆ. ಪಂದ್ಯದ ಮೋಟಾರು ಕಾರೊಂದು ಚೌಕಟ್ಟನ್ನು ದಾಟಿ ಧಾವಿಸುತ್ತಿದೆ; ಅದರ ಮುಂಭಾಗವೇ ಚಿತ್ರದಲ್ಲಿಲ್ಲ. ಗಾಲಿ ಮುಂದಕ್ಕೆ ವಾಲಿ ಅಂಡಾಕಾರವಾಗಿದೆ. ದಾರಿಯಂಚಿನ ಜನರು ಹಿಂದಕ್ಕೆ ಬಾಗಿದ್ದಾರೆ. ನೋಡಲು ಬರುವ ವಿದ್ಯಾರ್ಥಿಗಳು ಇದನ್ನು ಕಲಾವಿದನ ಚಮತ್ಕಾರವೆಂದೇ ಬಗೆಯುತ್ತಾರೆ. ಅದು ಯಂತ್ರದ ಗುಣ. ಆ ಬಗೆಯ ಕ್ಯಾಮರಾದಲ್ಲಿ ಕಿರಿದಾದ ಸೀಳೊಂದು ಗಾಜಿನ ಫಲಕದ ಮುಂದೆ ಸರಿಯುತ್ತ ದೃಶ್ಯವನ್ನು ಪಟ್ಟಿಪಟ್ಟಿಯಾಗಿ ಅಚ್ಚೊತ್ತುತ್ತಿತ್ತು. ಅಷ್ಟರಲ್ಲಿ ಕಾರು ಮುಂದೆ ಸಾಗಿತ್ತು. ಕ್ಯಾಮರಾವೂ ಅದನ್ನು ಹಿಂಬಾಲಿಸಿ ತಿರುಗಿತ್ತು, ಆದರೆ ಅದರಷ್ಟು ವೇಗವಾಗಿ ಅಲ್ಲ.

ಲಾರ್ತೀಗನು ಇದನ್ನು 1912ರ ಪಂದ್ಯವೆಂದು ನೆನೆದಿದ್ದನು. ಕಾರು ದೆಲಾಜ್ ಕಂಪೆನಿಯದೆಂದು ಬಹುಕಾಲ ಅಚ್ಚಾಗುತ್ತ ಬಂದಿತು. ಆದರೆ ಕಾರಿನ ಹಿಂಬದಿಯಲ್ಲಿ ‘6’ ಎಂಬ ಅಂಕೆ ಸ್ಪಷ್ಟವಾಗಿದೆ. ಅದರ ಜಾಡು ಹಿಡಿದವರಿಗೆ ದೊರೆತ ಉತ್ತರವೇ ಬೇರೆ: ದಿನ 1913ರ ಜುಲೈ 12, ಊರು ಅಮಿಯಾ, ಕಾರು ಷ್ನೈಡರ್, ಸಾರಥಿ ರೆನೆ ಕ್ರೋಕೆ. ತೆಗೆದವನ ನೆನಪಿಗಿಂತ ಅಂಕೆಯೇ ಬಲವಾದ ಸಾಕ್ಷಿಯಾಯಿತು. ಕಲಾರಸಿಕರಿಗೆ ಈ ಶೋಧ ಶುಷ್ಕವೆನಿಸೀತು, ನನಗೆ ಹಾಗಲ್ಲ. ಜಗತ್ತೆಲ್ಲ ನೋಡಿದ ಆ ಸವಾರ ಅಷ್ಟು ಕಾಲ ಹೆಸರಿಲ್ಲದೆ ಓಡುತ್ತಿದ್ದನು. ಅವನ ಪಕ್ಕದಲ್ಲಿ ಕುಳಿತ ಮೆಕ್ಯಾನಿಕ್‌ನ ಹೆಸರೂ ಈಗ ತಿಳಿದಿದೆ: ದಿದಿಯೆ.