ಕೋಲಾರೈಟ್: ಚಿನ್ನದ ಗಣಿಯೊಳಗಿನ ಸೀಸದ ಸಾಕ್ಷಿ

ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಕಡೆಯವರಿಗೆ ಕೋಲಾರದ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್. ದೂರವಲ್ಲ. ವೈಟ್‌ಫೀಲ್ಡಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದರೆ ಗಣಿಯ ಸೀಮೆ ಬಂದಂತೆಯೇ. 1880ರಿಂದ 2001ರವರೆಗೆ 800 ಟನ್ನಿನಷ್ಟು ಚಿನ್ನ ಕೊಟ್ಟ ಆ ನೆಲ, ಸೀಸದ ಎರಡು ಅಪರೂಪದ ಖನಿಜಗಳನ್ನೂ ಕೊಟ್ಟಿದೆ. ಸೋವಿಯತ್ ಮತ್ತು ಭಾರತೀಯ ವಿಜ್ಞಾನಿಗಳು ಕೋಲಾರದ ಚಿನ್ನದ ಅದಿರಿನಲ್ಲಿ ಗುರುತಿಸಿದ ಇವನ್ನು 1985ರಲ್ಲಿ ಲೋಕಕ್ಕೆ ಪರಿಚಯಿಸಿದರು. ಒಂದಕ್ಕೆ ಊರಿನ ಹೆಸರು, ಕೋಲಾರೈಟ್. ಇನ್ನೊಂದು ರಾಧಾಕೃಷ್ಣೈಟ್, ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಅವರಿಗೆ ಸಂದ ಗೌರವ.

ಕೋಲಾರೈಟ್‌ನಲ್ಲಿ ಸೀಸದ ಒಂದು ಪರಮಾಣುವಿಗೆ ಟೆಲ್ಲೂರಿಯಂ ಒಂದು, ಕ್ಲೋರಿನ್ ಎರಡು. ತೂಕದಲ್ಲಿ ಅರ್ಧದಷ್ಟು ಸೀಸವೇ. ಆದರೂ ಇದು ಸೀಸದ ಅದಿರಲ್ಲ. ಕಣಗಳು ಎಷ್ಟು ಸಣ್ಣವೆಂದರೆ ನಯಗೊಳಿಸಿದ ಕಲ್ಲಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹುಡುಕಬೇಕು. ಭೂಮಿಯ ಆಳದಲ್ಲಿ ಸೀಸ ಸಾಮಾನ್ಯವಾಗಿ ಗಂಧಕದ ಜೊತೆ ಸೇರಿ ಗೆಲೀನಾ ಆಗುತ್ತದೆ. ಟೆಲ್ಲೂರಿಯಂ ಸಿಕ್ಕರೆ ಆಲ್ಟೈಟ್ ಆಗುತ್ತದೆ. ಕ್ಲೋರಿನ್ ಕೂಡ ಹರಳಿನೊಳಗೆ ಸೇರಿಕೊಳ್ಳುವುದು ತೀರ ವಿರಳ. ಉಪ್ಪು ಕರಗಿದ ನೀರು ಅದಿರಿನ ಕಲ್ಲಿನ ಬಿರುಕುಗಳಲ್ಲಿ ಹರಿದಿರದೆ ಇದು ಹುಟ್ಟಲಾರದು ಎಂಬುದು ನನ್ನ ವಾದ.

ಇದಕ್ಕೆ ಆಕ್ಷೇಪಣೆ ಇದೆ. ಗಣಿ ಅಗೆದ ಮೇಲೆ ಮೇಲಿನಿಂದ ಇಳಿದ ನೀರೇ ಇದನ್ನು ಮಾಡಿರಬಾರದೇಕೆ? ಆದರೆ ಗಾಳಿ, ಮಳೆನೀರು ತಾಗಿದ ಸೀಸ ಸಾಮಾನ್ಯವಾಗಿ ಕಾರ್ಬೊನೇಟೋ ಸಲ್ಫೇಟೋ ಆಗುತ್ತದೆ, ಟೆಲ್ಲೂರಿಯಂ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಕೋಲಾರೈಟ್‌ನ ಸೂತ್ರದಲ್ಲಿ ಆಮ್ಲಜನಕವೇ ಇಲ್ಲ. ಗಾಳಿ ಸುಲಭವಾಗಿ ತಲುಪದ ಕಡೆ ಅದು ಹುಟ್ಟಿದೆ ಎನ್ನಲು ಇಷ್ಟು ಸಾಕು. ಹಾಗೆಂದು ಅದು ಚಿನ್ನದಷ್ಟೇ ಹಳೆಯದು ಎಂದು ಹೇಳಿಬಿಡುವುದು ದುಡುಕು. ಮೊದಲೇ ಇದ್ದ ಆಲ್ಟೈಟ್ ಮೇಲೆ ಉಪ್ಪುನೀರು ಬಹಳ ಕಾಲದ ಮೇಲೆ ಹರಿದಿರಲೂಬಹುದು.

ಹಾಗಾದರೆ ಚಿನ್ನವನ್ನು ತಂದದ್ದೂ ಉಪ್ಪುನೀರೇ? ಅಲ್ಲ. ಇಂಥ ಪುರಾತನ ಗಣಿಗಳಲ್ಲಿ ಚಿನ್ನ ಮುಖ್ಯವಾಗಿ ಗಂಧಕದ ಸಂಯುಕ್ತವಾಗಿ ಬಿಸಿನೀರಿನಲ್ಲಿ ಕರಗಿ ಬರುತ್ತದೆ. ಸೀಸಕ್ಕೆ ಕ್ಲೋರೈಡಿನ ಸಂಗ ಹೆಚ್ಚು ಒಗ್ಗುತ್ತದೆ. ಒಂದೇ ಅದಿರಿನಲ್ಲಿ ಎರಡರ ಗುರುತೂ ಇರುವುದನ್ನು ನೋಡಿದರೆ, ಕೋಲಾರದ ಅದಿರು ಒಂದೇ ಬಗೆಯ ನೀರಿನಿಂದ ಒಂದೇ ಸಲಕ್ಕೆ ಆದದ್ದಲ್ಲ ಎಂದೇ ತೋರುತ್ತದೆ. ಟನ್ನುಗಟ್ಟಲೆ ಚಿನ್ನ ಹೇಳದ ಈ ಸಂಗತಿಯನ್ನು ಹೇಳುತ್ತಿರುವುದು ಕಣ್ಣಿಗೆ ಕಾಣದ ಕಣ.

ಸುಮಾರು 3 ಕಿಲೋಮೀಟರ್ ಆಳದ ಆ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಆಳದಿಂದ ಹೊಸ ಕಲ್ಲು ಇನ್ನು ಸುಲಭಕ್ಕೆ ಸಿಗದು. ಕೋಲಾರದ ಅದಿರಿನ ಚೂರುಗಳು ಯಾವ ಕಾಲೇಜಿನ, ಯಾವ ಪ್ರಯೋಗಾಲಯದ ಕಪಾಟಿನಲ್ಲೇ ಇರಲಿ, ಅವನ್ನು ಹಳೆಯ ಸಾಮಾನೆಂದು ಎಸೆಯಬೇಡಿ; ಯಾವ ಆಳದಿಂದ ಬಂದದ್ದೆಂಬ ಚೀಟಿಯ ಸಮೇತ ಕಾಪಾಡಿ.